ಸೀಸದ ಓಣಿಯ ಆಪಾ

ನಕ್ಕರೆ ಸೀನಿಯರ್‌ನ ಮೇಲಿನ ಒಸಡು ಪೂರ್ತಿ ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಎಂದೂ ಅನ್ನಿಸಿದ್ದಿಲ್ಲ. ಕಲಬುರಗಿಯವಳು, ಕೆಲಸದಲ್ಲಿ ನನಗಿಂತ ಹಿರಿಯಳು; ನಾನು ಸೀನಿಯರ್ ಎಂದೇ ಕರೆಯುತ್ತಿದ್ದೆ. ಎರಡು ಸಾವಿರದ ಐದರ ಸುಮಾರಿಗೆ, ಗಾಜಿಯಾಬಾದ್ ಗಡಿಯ ಓಣಿಯೊಂದರಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರ ರಕ್ತಪರೀಕ್ಷೆಗೆ ದೆಹಲಿಯ ನಮ್ಮ ಸಂಸ್ಥೆ ನಮ್ಮಿಬ್ಬರನ್ನೂ ಕಳಿಸಿತ್ತು. ಓಣಿಯವರೆಲ್ಲ ಮುಸ್ಲಿಮರು. ಬೇರೆಡೆ ಕೆಲಸವೂ ಬಾಡಿಗೆ ಮನೆಯೂ ಸಿಗದೆ, ವಾಸದ ಅಂಗಳದಲ್ಲೇ ಭಟ್ಟಿ ಹೂಡಿಕೊಂಡವರು.

ನಾನು ಉಡುಪಿಯವಳು, ಹಿಂದಿ ಪರೀಕ್ಷೆಗಳನ್ನೆಲ್ಲ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದವಳು. ನಾನು ಬಾಯಿಬಿಟ್ಟರೆ ಹೆಂಗಸರು ದುಪಟ್ಟಾ ಸರಿಮಾಡಿಕೊಂಡು ಗಂಭೀರರಾಗುತ್ತಿದ್ದರು. ಸೀನಿಯರ್ ತನ್ನ ಊರಿನ ದಖ್ಖನಿ ಉರ್ದುವಿನಲ್ಲಿ "ಚಾಯ್ ನಕ್ಕೋ, ಪಹಲೇ ಬಾತಾಂ" ಅಂದರೆ, ಚಹಾ ಬೇಡ ಮೊದಲು ಮಾತು ಎನ್ನುವ ಆ ಧಾಟಿಗೇ ಬಿದ್ದು ಬಿದ್ದು ನಗುತ್ತಿದ್ದರು; ಚಹಾ ಬಂದೇ ಬರುತ್ತಿತ್ತು. ಅವಳು ಅವರ ತಟ್ಟೆಗೇ ಕೈಹಾಕಿ ಉಣ್ಣುತ್ತಿದ್ದಳು. ನಾನು ಬದಿಗೆ ಕೂತು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಮನೆಯ ಬಸುರಿ ಸೊಸೆ ಭಟ್ಟಿಯ ಪಕ್ಕದಲ್ಲೇ ಕೂತು ಸೀಸದ ತಗಡು ಆರಿಸುತ್ತಿದ್ದಳು. ಸದಾ ಹೊಟ್ಟೆನೋವು. "ಖೂನ್ ನಹೀಂ ದೇಂಗೆ", ರಕ್ತ ಕೊಡುವುದಿಲ್ಲ ಎಂದು ಅತ್ತೆ ಅಡ್ಡ ನಿಂತಳು. ಸೀನಿಯರ್ ಕೂಡ ಆಗ ಬಸುರಿ. ತೋಳಿನ ಬಟ್ಟೆ ಮಡಚಿ ಕೈಯನ್ನು ನನ್ನ ಮುಂದೆ ಚಾಚಿ, "ಪಹಲೇ ಮೇರಾ ಲೇ", ಮೊದಲು ನನ್ನದು ತೆಗೆ ಎಂದಳು. ನಾನು ಅವಳ ರಕ್ತ ತೆಗೆದ ಮೇಲೆ ಅತ್ತೆ ಸೊಸೆಯನ್ನು ಕರೆದಳು.

ಇಬ್ಬರ ರಕ್ತದಲ್ಲೂ ಸೀಸವಿತ್ತು. ಸೊಸೆಯದರಲ್ಲಿ ವಿಪರೀತ, ಇವಳದರಲ್ಲಿ ಕಡಿಮೆ, ಆದರೂ ಓಣಿಗೆ ಕಾಲಿಡಬೇಡ ಎಂದರು ಡಾಕ್ಟರು. ಅಷ್ಟನ್ನು ಹೇಳಲೆಂದೇ ಸೀನಿಯರ್ ಕೊನೆಯ ಸಲ ಬಂದು ಹೊಸ್ತಿಲಾಚೆ ನಿಂತಳು.

"ಅಮ್ಮೀ, ನನಗೆ ಹೋಗಲು ಬೇರೆ ಮನೆ ಇದೆ. ಇವಳು ಎಲ್ಲಿಗೆ ಹೋಗಬೇಕು?"

 ಅತ್ತೆ ಸೊಸೆಯನ್ನು ತವರಿಗೆ ಕಳಿಸಿ, ಗಂಡುಮಕ್ಕಳ ಕೈಯಲ್ಲಿ ಭಟ್ಟಿ ಕೀಳಿಸಿ, ಚರಂಡಿಯಾಚೆಯ ಬಯಲಿನಲ್ಲಿ ಹೂಡಿಸಿದಳು. ನಾನು ಚಾರ್ಟು ಹಿಡಿದು ತಿಂಗಳುಗಟ್ಟಲೆ ಹೇಳಿದ್ದೂ ಇದನ್ನೇ. ಒಂದು ಇಟ್ಟಿಗೆಯೂ ಅಲುಗಿರಲಿಲ್ಲ.

ಸೀನಿಯರ್ ಹೆರಿಗೆಗೆ ಕಲಬುರಗಿಗೆ ಹೋದಳು; ಆಮೇಲೆ ನಾನೊಬ್ಬಳೇ ಹೋಗತೊಡಗಿದೆ. ಪ್ರತಿ ಬಾಗಿಲಲ್ಲೂ "ಆಪಾ ನಹೀಂ ಆಯೀ?", ಅಕ್ಕ ಬರಲಿಲ್ಲವೇ ಎಂಬುದೇ ಮೊದಲ ಮಾತು. ಆದರೂ ಒಳಗೆ ಕರೆಯುತ್ತಿದ್ದರು. "ಇವಳು ನನ್ನ ತಂಗಿ, ನೋಡಿಕೊಳ್ಳಿ" ಎಂದು ಸೀನಿಯರ್ ಅತ್ತೆಗೆ ಹೇಳಿ ಹೋಗಿದ್ದಳಂತೆ.

ಸೊಸೆಗೆ ಹೆಣ್ಣು ಹುಟ್ಟಿತು. ತೂಕ ಕಮ್ಮಿ, ಅಳು ಜೋರು. ಅವಳು ತವರಿನಿಂದ ಮರಳಿದ ದಿನ ಅಂಗಳದಿಂದಲೇ ಕಲಬುರಗಿಗೆ ಫೋನ್ ಹಚ್ಚಿಕೊಟ್ಟೆ. ಸೀನಿಯರ್‌ಗೆ ಗಂಡು ಮಗು, ಆರೋಗ್ಯವಾಗಿತ್ತು. ಫೋನು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಅತ್ತರು, ನಕ್ಕರು. ನನ್ನ ಕೈಗೆ ಬರುವಷ್ಟರಲ್ಲಿ ಲೈನ್ ಕಡಿದಿತ್ತು. ಹೊಟ್ಟೆಕಿಚ್ಚಿನಿಂದ ಫೋನನ್ನು ಚೀಲಕ್ಕೆ ತುರುಕಿದೆ.

ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಛೋಟಿ ಆಪಾ, ಸಂಭಾಲೋ", ಚಿಕ್ಕಕ್ಕ, ಇವಳನ್ನು ನೋಡಿಕೋ ಎಂದಳು.

ಸೀನಿಯರ್ ಮತ್ತೆ ದೆಹಲಿಗೆ ಬರಲಿಲ್ಲ. ನನ್ನ ತಲೆ ಪೂರ್ತಿ ನೆರೆತಿದೆ. ಆ ಓಣಿಯಲ್ಲಿ ನಾನು ಇಂದಿಗೂ ಛೋಟಿ ಆಪಾ.