ಸೀಟು ಹಿಡಿದು ವಾಪಸ್ ಬರುವ ಕರೆಂಟು

ಬೆಳಗಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಹುಣಸೂರಿನಿಂದ ಹನಗೋಡಿನ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದು ಕೂತಿರುವ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಚಿಕ್ಕಮಾದಯ್ಯ ಒಬ್ಬರೇ ಪ್ಯಾನೆಲ್ ಮುಂದೆ ನಿಂತಿದ್ದಾರೆ. ಹೊರಗೆ ಜಲ್ಲಿ ಹಾಸಿದ ಅಂಗಳದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ‘ಮ್‌ಮ್‌ಮ್’ ಎಂದು ಒಂದೇ ಶ್ರುತಿ ಹಿಡಿದಿದೆ. ಚಿಕ್ಕಮಾದಯ್ಯನವರೂ ಬಾಯಿ ಮುಚ್ಚಿಕೊಂಡೇ ಅದೇ ಶ್ರುತಿಗೆ ‘ಮ್‌ಮ್‌ಮ್’ ಸೇರಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಯಂತ್ರ ಯಾವುದು, ಮನುಷ್ಯ ಯಾರು ಎಂದು ಹೇಳುವುದು ಕಷ್ಟ.

“ಇನ್ಯಾರವ್ರೆ ಸಾ ಜೊತ್ಗೆ? ಅದು ರಾಗ ಎಳೀತದೆ, ನಾನು ಊಂ ಅಂತೀನಿ. ಮಾತಾಡ್ದಂಗೆ ಆಯ್ತದೆ” ಎನ್ನುತ್ತಾರೆ.

ಊರೂರಿಗೆ ಪವರ್ ಬಿಡುವ ಕೈ ಇವರದು. ಪವರ್‌ನಲ್ಲಿರುವ ಯಾರಿಗೂ ಇವರ ಹೆಸರು ಗೊತ್ತಿಲ್ಲ. ಪಾಳಿ ಬದಲಾಗುವಾಗ ಚೇತನ್‌ಕುಮಾರ್ ಬರುತ್ತಾರೆ. “ಚಾರ್ಜ್ ಕೊಟ್ಟೆ.” “ತಕ್ಕೊಂಡೆ.” ಅಲ್ಲಿಗೆ ಸಹೋದ್ಯೋಗಿಗಳ ಆ ದಿನದ ಸಂಭಾಷಣೆ ಮುಗಿಯುತ್ತದೆ.

ಮೇಜಿನ ಮೇಲೊಂದು ಬಟನ್ ಫೋನಿದೆ. ಆರು ಗಂಟೆಗೆ ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಬಿಟ್ಟ ಕೂಡಲೇ ಅದು ಬಡಿದುಕೊಳ್ಳುತ್ತದೆ. ಮಾಡುವವರು ಸೋಮಿ. ಲೈನು ಹೋಗಿ ಮುಗಿಯುವ ಕಾಡಂಚಿನ ಗಿರಿಜನರ ಹಾಡಿಯಲ್ಲಿ ಕುಡಿಯುವ ನೀರಿನ ಮೋಟಾರು ನೋಡಿಕೊಳ್ಳುವ ಹೆಂಗಸು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ. ಪರಿಚಯವಾದದ್ದು ಬೈಗುಳದಿಂದ. ಹಾಡಿಯ ಮೋಟಾರು ಎರಡನೇ ಸಲ ಸುಟ್ಟ ದಿನ, ಸಬ್‌ಸ್ಟೇಷನ್ ಗೇಟಿನ ಮೇಲೆ ಬರೆದ ನಂಬರನ್ನು ಯಾರಿಂದಲೋ ಕೇಳಿ ಪಡೆದು ಸೋಮಿ ಫೋನ್ ಹಚ್ಚಿದ್ದರು. ಆ ದನಿಯನ್ನು ಚಿಕ್ಕಮಾದಯ್ಯ ಈಗಲೂ ಹಾಗೇ ತೆಗೆಯುತ್ತಾರೆ, ಸಣ್ಣಗೆ, ಮೂಗಿನ ತುದಿಯಿಂದ: “ಏನಣ್ಣ, ನೀನು ಕರೆಂಟ್ ಬುಟ್ಟಿದ್ದೀಯೋ, ಬೀಡಿ ಹಚ್ಕೊಳ್ಳಿ ಅಂತ ಕಿಡಿ ಬುಟ್ಟಿದ್ದೀಯೋ?”

ಬೈಗುಳದಲ್ಲಿ ನ್ಯಾಯವಿತ್ತು. ಅದೇ ಲೈನಿನ ಕಟ್ಟಕಡೆಯ ಕಂಬದ ಮೇಲೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇದೆ. ಇಲ್ಲಿನವರ ಬಾಯಲ್ಲಿ ಅದು ಟಿಸಿ. ಹೊರಬಲ್ಲ ಭಾರ ಇಪ್ಪತ್ತೈದು ಕೆವಿಎ. ನಾಲ್ವರು ರೈತರ ಪಂಪು, ಜೊತೆಗೆ ಹಾಡಿಯ ಮೋಟಾರು, ಐದೂ ಅದರ ಮೇಲೆಯೇ. ರೈತರ ಪಂಪುಗಳಿಗೆ ಆಟೋ ಸ್ಟಾರ್ಟರ್ ಉಂಟು. ಕರೆಂಟು ಬಂದ ಗಳಿಗೆಯಲ್ಲೇ ಯಾರೂ ಮುಟ್ಟದೆ ನಾಲ್ಕೂ ಎದ್ದು ಕೂರುತ್ತವೆ, ವೋಲ್ಟೇಜು ಕುಸಿದು ಬೀಳುತ್ತದೆ. ಆಗ ಸೋಮಿ ಬಟನ್ ಒತ್ತಿದರೆ ಹಾಡಿಯ ಮೋಟಾರು ತಿರುಗುವುದಿಲ್ಲ, ನರಳುತ್ತದೆ. ಹಾಗೇ ಬಿಟ್ಟರೆ ವೈಂಡಿಂಗು ಸುಡುತ್ತದೆ. ಮೂರನೇ ಸಲ ಸುಟ್ಟರೆ ರಿಪೇರಿಯಿಲ್ಲ, ಟ್ಯಾಂಕರೇ ಗತಿ ಎಂದು ಪಂಚಾಯ್ತಿಯವರು ಹಾಡಿಗೆ ಹೇಳಿದ್ದಾರೆ. ಟ್ಯಾಂಕರು ಹತ್ತುವ ರಸ್ತೆ ಹಾಡಿಗಿಲ್ಲ. ಉಳಿಯುವುದು ತೊರೆ. ಅಲ್ಲಿಗೆ ಆನೆಗಳೂ ಬರುತ್ತವೆ.

ಅಂದಿನಿಂದ ಶುರುವಾಗಿದ್ದು ಈ ಬೆಳಗಿನ ಫೋನು. ಹಾಡಿಯ ಸ್ಟಾರ್ಟರಿನ ವೋಲ್ಟ್ ಮೀಟರು ಕೆಟ್ಟಿದೆ. ಚಿಕ್ಕಮಾದಯ್ಯನವರ ಕಿವಿಯೇ ಮೀಟರು. ಸೋಮಿ ಬಟನ್ ಒತ್ತಿ ಫೋನನ್ನು ಮೋಟಾರಿಗೆ ಹಿಡಿಯುತ್ತಾರೆ. ‘ಗುಂಯ್‌ಯ್’ ಎಂದರೆ ಇವರು “ಬುಡು ಬುಡು, ಆಫ್ ಮಾಡವ್ವ” ಎನ್ನುತ್ತಾರೆ. ‘ಗರ್‌ರ್’ ಎಂದರೆ “ಓಡ್ಲಿ”. ಹೆಚ್ಚಿನ ಬೆಳಗು ‘ಗುಂಯ್’ ಎಂದೇ ಆಗುತ್ತದೆ. ರೈತರ ಪಂಪು ನಿಲ್ಲುವಷ್ಟರಲ್ಲಿ ಶುಂಠಿ ಹೊಲಕ್ಕೆ ಕೂಲಿಗೆ ಒಯ್ಯುವ ಜೀಪು ಹಾಡಿಯ ಹೆಂಗಸರನ್ನು ಹತ್ತಿಸಿಕೊಂಡು ಹೋಗಿರುತ್ತದೆ, ಸೋಮಿಯನ್ನೂ ಸೇರಿಸಿ. ಬಿಂದಿಗೆಗಳು ಖಾಲಿ.

“ಅಲ್ಲಿ ಕೆಲ್ಸ ಮಾಡೋ ಪವರ್ರು ಜಾಸ್ತಿ ಆಗಿರ್ನಿಲ್ಲ ಸಾ. ಹೋಗಿ ಬರೋ ಪವರ್ರು ಜಾಸ್ತಿ ಆಗಿತ್ತು” ಎನ್ನುತ್ತಾರೆ ಚಿಕ್ಕಮಾದಯ್ಯ. ಅರ್ಥವಾಗದವರಿಗೆ ಅವರ ಬಳಿ ಒಂದು ಬಸ್ಸಿದೆ. “ಹುಣಸೂರಿಂದ ಕೋಟೆಗೆ ಬಸ್ಸು ಒಂಟದೆ ಅನ್ಕಳಿ. ಒಬ್ಬ ಅತ್ತಿ ಕೂತ್ಕಂಡ. ಕೋಟೇಲಿ ಎಲ್ರೂ ಇಳುದ್ರು, ಇವ್ನು ಇಳೀನಿಲ್ಲ. ಅದೇ ಸೀಟಲ್ಲಿ ವಾಪಸ್ ಬಂದ. ಒಂದು ಕೆಲ್ಸ ಆಯ್ತಾ? ಇಲ್ಲ. ಸೀಟು ಮಾತ್ರ ಓಯ್ತು. ಅಂಗಂತ ಅವನ್ನ ಬೇಡ ಅನ್ನಂಗಿಲ್ಲ. ಮೋಟ್ರೊಳಗೆ ಆಯಸ್ಕಾಂತ ಎಬ್ಬಿಸೋನು ಅವ್ನೇಯ. ಅವ್ನಿಲ್ದೆ ಮೋಟ್ರು ತಿರಗಾಕಿಲ್ಲ.”

ಭೇರ್ಯ ಎಂಬ ಊರಿನ ಇವರು ಕೆ.ಆರ್. ನಗರದಲ್ಲಿ ಐಟಿಐ ಓದಿ, ಕಂಬ ಹತ್ತುವ ಕೆಲಸ ಹಿಡಿದವರು. ಒಮ್ಮೆ ಕಂಬದಿಂದ ಬಿದ್ದು ಎಡಗಾಲು ಮೊಟಕಾದ ಮೇಲೆ ಪ್ಯಾನೆಲ್ ಮುಂದೆ ಬಂದರು. ಹೆಂಡತಿ ಕೆಂಪಾಜಮ್ಮ ದನಕರು ಬಿಟ್ಟು ಬರುವಂತಿಲ್ಲವೆಂದು ಊರಲ್ಲೇ ಇದ್ದಾರೆ. ಹೊತ್ತ ಭಾರದಲ್ಲಿ ಕೆಲಸಕ್ಕೆ ಬರುವ ಪಾಲೆಷ್ಟು ಎಂದು ತೋರಿಸಬೇಕಾದ ಇಲ್ಲಿನ ಪವರ್ ಫ್ಯಾಕ್ಟರ್ ಮೀಟರಿನ ಮುಳ್ಳು ಎಂದೋ ಸಿಕ್ಕಿಕೊಂಡು, ಯಾರು ನೋಡಿದರೂ ಫಸ್ಟ್ ಕ್ಲಾಸ್ ಮಾರ್ಕು ಕೊಡುತ್ತಾ ಕೂತಿದೆ. ಹಾಗಾಗಿ ಚಿಕ್ಕಮಾದಯ್ಯ ಲೆಕ್ಕವನ್ನು ತಾವೇ ಮಾಡುತ್ತಾರೆ, ಸೀಮೆಸುಣ್ಣದಲ್ಲಿ, ನೆಲದ ಮೇಲೆ. ಕೇಳುವವರಿಲ್ಲ. ಹೊತ್ತು ಹೋಗಬೇಕಲ್ಲ.

ಆ ಕಡೆಯ ಟಿಸಿಯ ಲೆಕ್ಕವನ್ನೂ ಹಾಗೇ ಮಾಡಿದರು. ರಜೆಯ ದಿನ ಲೈನ್‌ಮನ್ ಮಂಟಯ್ಯನವರಿಂದ, ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಕ್ಲಾಂಪ್ ಮೀಟರು ಎರವಲು ತಂದು, ಐದೂ ಮೋಟಾರನ್ನು ಒಂದೊಂದಾಗಿ ಓಡಿಸಿ ಅಳೆದು ಕೂಡಿದರು. ಕೆಲಸ ಮಾಡುವ ಪವರ್ ಇಪ್ಪತ್ನಾಲ್ಕು. ನೆಲದ ಮೇಲೆ ಅದು ಅಡ್ಡಗೆರೆ. ಹೋಗಿ ಬರುವುದು ಹದಿನೆಂಟು. ಬರೆಯುವಾಗ ಅದರ ಹಿಂದೊಂದು ‘ಜೆ’ ಹಚ್ಚಬೇಕು. ಐಟಿಐ ಮೇಷ್ಟ್ರ ಗಂಟಲು ತೆಗೆದು ಚಿಕ್ಕಮಾದಯ್ಯ ಹೇಳುತ್ತಾರೆ: “ಜೆ ಅನ್ನೋದು ಅಕ್ಷರ ಅಲ್ರಯ್ಯಾ, ಆರ್ಡರು. ತೊಂಬತ್ತು ಡಿಗ್ರಿ ತಿರುಗಿ ನಿಲ್ಲು ಅಂತ ಆರ್ಡರು.” ಅಡ್ಡಗೆರೆಯ ತುದಿಯಲ್ಲಿ ಹದಿನೆಂಟು ನೆಟ್ಟಗೆ ಎದ್ದು ನಿಲ್ಲುತ್ತದೆ. ಎರಡನ್ನೂ ಸುಮ್ಮನೆ ಕೂಡುವ ಹಾಗಿಲ್ಲ. ಅಡ್ಡಗೆರೆಯ ಬುಡದಿಂದ ನೆಟ್ಟಗೆರೆಯ ಮೇಲಿನ ತುದಿಗೆ ಓರೆಗೆರೆ ಎಳೆದರೆ ಅದರ ಉದ್ದವೇ ಟಿಸಿ ಹೊರಬೇಕಾದ ಒಟ್ಟು ಭಾರ: ಮೂವತ್ತು. ಇಪ್ಪತ್ತೈದು ಹೊರುವ ಬೆನ್ನಿಗೆ ಮೂವತ್ತು.

ಕೆಲಸದ ಇಪ್ಪತ್ನಾಲ್ಕನ್ನು ಕಡಿಮೆ ಮಾಡಿದರೆ ಬೆಳೆ ಒಣಗುತ್ತದೆ. ಇಳಿಸಬೇಕಾದದ್ದು ನೆಟ್ಟಗೆರೆಯನ್ನು. ಅದಕ್ಕೆ ಪಂಪಿನ ಪಕ್ಕ ಕೆಪಾಸಿಟರ್ ಡಬ್ಬಿ ಇರಬೇಕು. “ಆ ಡಬ್ಬಿ ಅಂದ್ರೆ, ಸೀಟು ಹಿಡ್ದು ವಾಪಸ್ ಬರೋನಿಗೆ ಮೋಟ್ರು ಮಗ್ಗುಲಲ್ಲೇ ಮನೆ ಮಾಡ್ಕೊಟ್ಟಂಗೆ. ಅಲ್ಲಲ್ಲೇ ಓಡಾಡ್ಕಂಡಿರ್ತಾನೆ. ಬಸ್ ಅತ್ತಾಕಿಲ್ಲ.” ಡಬ್ಬಿಗಳು ಇದ್ದವು ಕೂಡ. ಆದರೆ ‘ಡಬ್ಬಿ ಕರೆಂಟು ತಿಂತದೆ’ ಎಂಬ ಮಾತು ಹೊಲದಿಂದ ಹೊಲಕ್ಕೆ ಹಬ್ಬಿ, ನಾಲ್ವರೂ ತಂತಿ ಕಿತ್ತು ಮೂಲೆಗೆ ಎಸೆದಿದ್ದರು. ಶಿವನಂಜಪ್ಪನವರ ಡಬ್ಬಿಯಂತೂ ಶೆಡ್ಡಿನ ಬಾಗಿಲಿಗೆ ಆನಿಕೆಯಾಗಿತ್ತು.

“ಕರೆಂಟ್ನೋರು ಕಟ್ ಮಾಡಕ್ಕೆ ಬರೋದು ಕಂಡಿವ್ನಿ. ಕಟ್ಟಕ್ಕೆ ಬಂದೋನ್ನ ಇವತ್ತೇ ನೋಡಿದ್ದು ಕಣಯ್ಯ” ಎಂದು ಶಿವನಂಜಪ್ಪ ನಕ್ಕಿದ್ದರು. “ಮೋಟ್ರು ಸುಟ್ರೆ ನಿನ್ನ ಕುಂಟುಗಾಲು ಇಡ್ಕಳ್ಳಾದಾ ನಾವು?”

“ಇಡ್ಕಳಿ ಗೌಡ್ರೇ. ಅದ್ರಲ್ಲಿ ಓಡಕ್ಕೂ ಆಗಾಕಿಲ್ಲ ನಂಗೆ.”

ಶಿವನಂಜಪ್ಪ ನಗುತ್ತಲೇ ಬಾಗಿಲು ಹಿಡಿದುಕೊಂಡರು. ಚಿಕ್ಕಮಾದಯ್ಯ ಡಬ್ಬಿ ಜೋಡಿಸಿ, ಕ್ಲಾಂಪು ಹಾಕಿ ತೋರಿಸಿದರು. ಪಂಪು ಎಸೆಯುವ ನೀರು ಅಷ್ಟೇ, ಆದರೆ ಆಂಪಿಯರ್ ಇಳಿದಿತ್ತು. “ತಿಂತದೆ ಅಂದ್ರಲ್ಲ ಲೇ, ಇದು ಉಪಾಸ ಮಾಡ್ತದೆ” ಎಂದು ಶಿವನಂಜಪ್ಪ ತಾವೇ ಪಕ್ಕದ ಹೊಲಕ್ಕೆ ಕೂಗಿದರು. ಹಾಗೆ ಒಂದೊಂದೇ ರಜೆ ಕರಗಿ, ನಾಲ್ಕನೆಯ ಡಬ್ಬಿ ಕೂತದ್ದು ನಿನ್ನೆ ಸಂಜೆ. ನೆಟ್ಟಗೆರೆ ಹದಿನೆಂಟರಿಂದ ಏಳಕ್ಕೆ ಇಳಿದಿದೆ. ಓರೆಗೆರೆ ಸರಿಯಾಗಿ ಇಪ್ಪತ್ತೈದು. ಲೆಕ್ಕವೇನೋ ಒಪ್ಪಿದೆ. ಮೋಟಾರು ಒಪ್ಪಬೇಕು.

ಆರು ಗಂಟೆ. ಚಿಕ್ಕಮಾದಯ್ಯ ಬ್ರೇಕರ್ ಹಾಕುತ್ತಾರೆ. ಫೋನ್ ಬರುತ್ತದೆ.

“ರೈತ್ರುದು ಎದ್ದೋ ಅಣ್ಣ. ಒತ್ಲಾ?”

“ತಡಿ ತಡಿ. ಉಸುರು ತಕ್ಕಳ್ಳಿ.” ಉಸಿರು ತೆಗೆದುಕೊಳ್ಳುವುದು ಮೋಟಾರೋ ಇವರೋ ತಿಳಿಯುವುದಿಲ್ಲ. “ಊಂ, ಒತ್ತವ್ವ.”

ಫೋನಿನಲ್ಲಿ ‘ಗುಂ’ ಎಂದು ಶುರುವಾಗುತ್ತದೆ. ಚಿಕ್ಕಮಾದಯ್ಯನವರ ಬಾಯಿ ‘ಬುಡು’ ಎನ್ನಲು ತೆರೆಯುತ್ತದೆ. ಅಷ್ಟರಲ್ಲಿ ದನಿ ಎತ್ತರಿಸಿ, ಗಟ್ಟಿಯಾಗಿ, ‘ಗರ್‌ರ್’ ಎಂದು ನಿಲ್ಲುತ್ತದೆ. ಆಮೇಲೆ ನಲ್ಲಿಯ ಕೆಮ್ಮು, ಬಿಂದಿಗೆಗಳ ಸದ್ದು, ಯಾರೋ ಯಾರನ್ನೋ ಹಿಂದೆ ನಿಲ್ಲು ಎಂದು ಗದರುವುದು. ಇವರು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾರೆ.

“ಬಂತಣ್ಣ. ಜೀಪು ಬರೋಕೆ ಮುಂಚೆ ಎಲ್ರುದೂ ತುಂಬ್ತದೆ” ಎನ್ನುತ್ತಾರೆ ಸೋಮಿ. “ಅಂಗಾದ್ರೆ ನಾಳೆಯಿಂದ ನಿಂಗೆ ತೊಂದ್ರೆ ಕೊಡಾಕಿಲ್ಲ ಬುಡಣ್ಣ. ನಾನೇ ಒತ್ಕತೀನಿ.”

“ಆಯ್ತು ಕಣವ್ವ. ಗುಂಯ್ ಅಂದ್ರೆ ಮಾತ್ರ ಮಾಡು.”

ಫೋನ್ ಇಟ್ಟ ಮೇಲೆ ಅವರು ನೆಲದ ಮೇಲಿನ ತ್ರಿಕೋನವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಬಟ್ಟೆ ಹಿಂಡುತ್ತಾ ಹೇಳುತ್ತಾರೆ: “ಒಂದಿನ ಆ ನಲ್ಲಿ ತಾವ ಓಗಿ ಒಂದು ಲೋಟ ನೀರು ಕುಡೀಬೇಕು. ನಾ ಓದಾಗ್ಲೆಲ್ಲ ಹಾಡಿ ಖಾಲಿ ಇರ್ತದೆ. ಜನ ಇದ್ದಾಗ ಓಗ್ಬೇಕು.”

ಮರುದಿನ ಆರು ಗಂಟೆ. ಬ್ರೇಕರ್ ಹಾಕಿಯಾಗಿದೆ. ಚಿಕ್ಕಮಾದಯ್ಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾರೆ. ಫೋನನ್ನು ಒಮ್ಮೆ ಎತ್ತಿ, ಸಿಗ್ನಲ್ ಇದೆಯೇ ನೋಡಿ, ಇದ್ದಲ್ಲೇ ಇಡುತ್ತಾರೆ. ಕಿಟಕಿಯಾಚೆ ಬೆಳಕು ಏರುತ್ತದೆ, ಜೀಪಿನ ಹೊತ್ತು ಬಂದು ದಾಟುತ್ತದೆ. ಅಂಗಳದ ಟ್ರಾನ್ಸ್‌ಫಾರ್ಮರ್ ತನ್ನ ಪಾಡಿಗೆ ರಾಗ ಎಳೆಯುತ್ತಿದೆ.

“ಫೋನ್ ಬರ್ನಿಲ್ಲ” ಎನ್ನುತ್ತಾರೆ ಚಿಕ್ಕಮಾದಯ್ಯ. “ಅಂದ್ರೆ ನೀರು ಬಂದದೆ.”