ಕೆಲಸ ಬದಲಿಸಿದ ಫರ್ಗಸ್

ಕಂಪನಿಗಳನ್ನು ಕೊಡಿಸುವ, ಮಾರಿಸುವ ನಮ್ಮ ಲಂಡನ್ ಬ್ಯಾಂಕಿಗೆ ಫರ್ಗಸ್ ಹಾಲ್ಡೇನ್ ಸೇರಿದಾಗ ಅವನ ತಲೆಯಲ್ಲಿ ಆಗಲೇ ನರೆ ಇಣುಕಿತ್ತು. ಮೇಲಧಿಕಾರಿ ಇಮೋಜೆನ್ ಅವನಿಗಿಂತ ಚಿಕ್ಕವಳು. ಅದುವರೆಗೆ ಕನ್ಸಲ್ಟೆಂಟ್ ಆಗಿ ಊರೂರಿನ ಕಂಪನಿಗಳಿಗೆ ಬುದ್ಧಿ ಹೇಳಿಕೊಂಡಿದ್ದವನಿಗೆ ಆ ಚಾಳಿ ಬಿಡಲೊಲ್ಲದು. ಕಾಫಿ ಯಂತ್ರ ಕೆಟ್ಟರೂ "ಮೂಲ ಸಮಸ್ಯೆ ಏನು ಅಂತ ಮೊದಲು ನೋಡೋಣ" ಎಂದು ಬೋರ್ಡಿನತ್ತ ನಡೆಯುತ್ತಿದ್ದ. "ಪ್ರವಚನ ಸಾಕು ಮಾರಾಯ, ಕಂಪನಿ ಎಷ್ಟು ಬೆಲೆ ಬಾಳುತ್ತೆ ಹೇಳು" ಎಂದು ಇಮೋಜೆನ್ ರೇಗಿದರೆ, ಕಿವಿ ಕೆಂಪಾಗಿಸಿಕೊಂಡು ಮತ್ತೆ ಲೆಕ್ಕಕ್ಕೆ ಕೂರುತ್ತಿದ್ದ. ಕಾಲೇಜು ಮುಗಿಸಿ ಆಗಷ್ಟೇ ಬಂದವರ ಬಳಿಯೂ "ಇದೊಂದು ಹೇಳಿಕೊಡ್ತೀಯಾ?" ಎಂದು ಕೇಳಲು ಅವನಿಗೆ ನಾಚಿಕೆಯಿರಲಿಲ್ಲ. ಈ ವಯಸ್ಸಿನಲ್ಲಿ ಅಆಇಈಯಿಂದ ಶುರು ಮಾಡುವ ಗ್ರಹಚಾರ ಇವನಿಗೆ ಯಾಕೆ ಬಂತೋ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಹಣದಾಸೆಗೇ ಇರಬೇಕು ಎಂದುಕೊಂಡಿದ್ದೆವು. ಕಳೆದ ವಾರ ಹ್ಯಾಲಿಫ್ಯಾಕ್ಸಿನ ಆಕ್ರಾಯ್ಡ್ ಎಂಬ ಮುದುಕರು ತಾತನ ಕಾಲದ ಬಿಸ್ಕತ್ತು ಕಾರ್ಖಾನೆಯನ್ನು ಮಾರಿ ನಮ್ಮ ಆಫೀಸಿನಲ್ಲಿ ಸಹಿ ಹಾಕಿದರು. ನಾವೆಲ್ಲ ಕೈಕುಲುಕಿ ಪಬ್ಬಿಗೆ ಹೊರಟೆವು. ಮುದುಕರು ಮಾತ್ರ ಕೋಟು ತೊಟ್ಟುಕೊಂಡೂ ಕುರ್ಚಿಯಿಂದ ಏಳಲಿಲ್ಲ, ಅವರ ಪಕ್ಕದಿಂದ ಫರ್ಗಸ್ಸೂ ಏಳಲಿಲ್ಲ. ಕರೆಯಲು ಹೋದ ನನಗೆ ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದ: "ನೀವು ಹೋಗಿರಿ. ಹಳೇ ಕೆಲಸದಲ್ಲಿ 'ಮಾರಿಬಿಡಿ' ಅಂತ ಎಷ್ಟೋ ಜನಕ್ಕೆ ಹೇಳಿ ರೈಲು ಹತ್ತಿದೀನಿ. ಮಾರಿದ ದಿನ ಅವರ ಮುಖ ಹೇಗಿರುತ್ತೆ ಅಂತ ಒಂದ್ಸಲವೂ ನೋಡಿರಲಿಲ್ಲ. ಈ ಕೆಲಸಕ್ಕೆ ಬಂದಿದ್ದೇ ಅದಕ್ಕೆ." ಆಮೇಲೆ ಒಳಗೆ ಹೋಗಿ ಮುದುಕರ ಎದುರು ಕೂತು, ಅವರ ತಾತ ಮೊದಲು ಮಾಡಿದ ಬಿಸ್ಕತ್ತು ಯಾವುದೆಂದು ಕೇಳಿದ. ಮುದುಕರು ಕೋಟಿನ ಗುಂಡಿ ಬಿಚ್ಚಿ ಹೇಳತೊಡಗಿದರು.