ಬಸವನಹುಳುಗಳಿಗೆ ದೃಷ್ಟಿ ತೆಗೆದವರು

ನಮ್ಮ ಓನರಮ್ಮ ಬಸವನಹುಳು ನೋಡಲು ಬಾಗಿದರೆ, ಅವರ ಮೂಗುಬೊಟ್ಟು ಅದರ ಕೊಂಬಿಗೆ ತಾಗಿಯೇಬಿಡುತ್ತದೇನೋ ಅನ್ನಿಸುತ್ತಿತ್ತು. ದಪ್ಪ ಕನ್ನಡಕವಿದ್ದರೂ ಅಷ್ಟು ಹತ್ತಿರ ಹೋದರೇನೇ ಅವರಿಗೆ ಸಮಾಧಾನ.

"ಉದ್ದಕೆ, ಚೂಪಗೆ, ಕಂದು ಗೀರು ಐತಲ್ಲ, ಇದು ನರ್ಸರಿ ಕುಂಡದ ಜತೆ ಬಂದಿದ್ದು. ಗಿಡ ಎಲ್ಲಾ ಬೋಳಿಸ್ತೈತೆ, ಬ್ಯಾಡ. ಈ ಗುಂಡಗಿರೋದು ನಮ್ದು," ಎಂದು ನನ್ನ ಮಗಳಿಗೆ ಗುರುತು ಹೇಳಿಕೊಡುತ್ತಿದ್ದರು. ಮೊಳಕಾಲ್ಮೂರಿನಿಂದ ಮದುವೆಯಾಗಿ ಚಳ್ಳಕೆರೆಗೆ ಬಂದವರು. ಮುದ್ದು ಬಂದರೆ ತೆಲುಗು. ಹುಳುಗಳನ್ನೂ "ರಾ ನಾಯನಾ" ಎಂದೇ ಕರೆಯುತ್ತಿದ್ದರು.

ಇಬ್ಬರೂ ಸೇರಿ ಹುಳು ಸಾಕುತ್ತಿದ್ದರು: ಹಳೇ ಟಬ್ಬಿನಲ್ಲಿ ಒದ್ದೆ ಮಣ್ಣು, ಮೇಲೊಂದು ಬಲೆ, ತಿನ್ನಲು ಸೌತೆಕಾಯಿ ಸಿಪ್ಪೆ. ಮನೆ ಬಾಡಿಗೆಗೆ ಕೊಡುವಾಗ ಮೊಟ್ಟೆ ಬೇಯಿಸಕೂಡದು ಎಂದಿದ್ದ ಪುಣ್ಯಾತ್ಗಿತ್ತಿ, ಹುಳುಗಳ ಚಿಪ್ಪು ಗಟ್ಟಿಯಾಗಲೆಂದು ಮೊಟ್ಟೆಯ ಓಡು ತರಲು ನನಗೇ ಗುಟ್ಟಾಗಿ ಹೇಳಿದ್ದರು! ಬೇಸಿಗೆಯಲ್ಲಿ ಹುಳುಗಳು ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡಾಗ ಮಗಳು ಸತ್ತವೆಂದು ಅತ್ತಳು. "ಸತ್ತಿಲ್ಲಮ್ಮ, ಬಾಗ್ಲು ಹಾಕ್ಕಂಡು ಮಲಗ್ಯಾವೆ," ಎಂದು ಅವರೇ ಕಣ್ಣೊರೆಸಿದ್ದರು.

ಮಳೆಗಾಲದಲ್ಲೊಮ್ಮೆ ನಾವು ತಳಕಿನ ನನ್ನ ತವರಿಗೆ ಹೋದೆವು. ಆಗ ಎದುರುಮನೆಯಾಕೆ ಬಂದು, "ಎಷ್ಟು ದುಂಡಗೆ ಬೆಳ್ದಾವ್ರೀ!" ಎಂದಳಂತೆ. ಅಷ್ಟು ಸಾಕಾಯಿತು. ಸಂಜೆ ಓನರಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು, ಮಕ್ಕಳಿಗೆ ತೆಗೆದಂತೆಯೇ ಟಬ್ಬಿನ ಮೇಲೆ ನಿವಾಳಿಸಿ ದೃಷ್ಟಿ ತೆಗೆದರು. ಮುಷ್ಟಿಯಿಂದ ಜಾರಿದ ಉಪ್ಪು ಬಲೆಯೊಳಗೆ ಬಿದ್ದದ್ದು ಅವರಿಗೆ ಕಾಣಲಿಲ್ಲ. ಬೆಳಿಗ್ಗೆ ನೋಡಿದರೆ ಚಿಪ್ಪುಗಳ ತುಂಬ ಬರೀ ನೊರೆ. ಒಂದೂ ಉಳಿದಿರಲಿಲ್ಲ.

ನಾವು ಆಟೋ ಇಳಿದಾಗ ಗೇಟಿನ ಬಳಿಯೇ ನಿಂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ನಡೆದದ್ದು ಹೇಳಿದರು. ಮುಖ ಎತ್ತಲಾಗದಷ್ಟು ನಾಚಿಕೆ ಅವರಿಗೆ. ನನಗೋ ಮಗಳ ರಂಪದ್ದೇ ಚಿಂತೆ. "ಅಯ್ಯೋ, ತಪ್ಪಿಸ್ಕಂಡು ಹೋದ್ವು ಅಂದ್ರಾತು ಬಿಡ್ರಿ," ಎಂದೆ.

"ಬ್ಯಾಡಮ್ಮ. ನಾಳೆಯಿಂದ ಮಗು ಗಿಡದ ಬುಡ ಎಲ್ಲಾ ಹುಡುಕ್ತೈತೆ."

ನೋವಿನ ಮಂಡಿ ಊರಿ ಮಗಳೆದುರು ಕೂತರು. ಅವಳ ಕಣ್ಣಲ್ಲೇ ಕಣ್ಣಿಟ್ಟು ಹೇಳಿದರು. "ದೃಷ್ಟಿ ತೆಗಿಯಾಕೆ ಹೋಗಿ ನಾನೇ ಸಾಯಿಸಿಬಿಟ್ಟೆ ಕಣಮ್ಮ. ಉಪ್ಪು ಆಗಲ್ಲ ಅಂತ ಗೊತ್ತಿದ್ರೂ ಮರ್ತೆ. ತಪ್ಪು ನಂದೇ."

"ನಮ್ಮನೆಗೆ ಬರಬೇಡಿ!" ಎಂದು ಕಿರುಚಿ ಮಗಳು ಒಳಗೋಡಿದಳು. ಮನೆ ಯಾರದ್ದು! ಆದರೆ ಅವರು "ಆಯ್ತಮ್ಮ" ಎಂದರು. ಆಮೇಲೆ ಎಷ್ಟೋ ದಿನ ಹೊಸಿಲಾಚೆಯೇ ನಿಂತು ನನ್ನೊಡನೆ ಮಾತಾಡಿ ಹೋಗುತ್ತಿದ್ದರು. ಕೊನೆಗೆ ಮಗಳೇ "ಬನ್ನಿ ಅಜ್ಜಿ" ಎಂದು ಅವರ ಸೆರಗು ಹಿಡಿದು ಒಳಕ್ಕೆ ಎಳೆದುಕೊಂಡು ಬಂದಳು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಮೊನ್ನೆ ಯಾರ ಮೇಲಿನ ಸಿಟ್ಟನ್ನೋ ಮಗಳ ಮೇಲೆ ತೀರಿಸಿಕೊಂಡು, ಹೊಡೆದುಬಿಟ್ಟೆ. ನಾಚಿಕೆಯಾಯಿತು. ಒಲೆ ಕಡೆ ತಿರುಗಿಕೊಂಡೇ, "ತಪ್ಪಾತು, ಬಿಡು," ಎಂದೆ.

"ಮುಖ ನೋಡಿ ಹೇಳವ್ವ," ಎಂದಳು. "ಅಜ್ಜಿ ನೋಡೇ ಹೇಳಿದ್ರು."